ಕೂಲಂಟ್ ಎಲ್ಲಿ ಹೋಗ್ತಿದೆ? ಕಾರಿನ ಸೋರಿಕೆ ಮನೆಯಲ್ಲೇ ಹುಡುಕಿ ಸರಿ ಮಾಡುವ ಬಗೆ

ನಮ್ಮ ಹಳೆಯ ಪೆಟ್ರೋಲ್ ಕಾರು ಒಮ್ಮೆ ಮೂರು ತಿಂಗಳು ನನ್ನನ್ನು ಸತಾಯಿಸಿತು. ಹದಿನೈದು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡಿದರೆ ಬಾಟಲಿಯಲ್ಲಿ ಕೂಲಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ, ಒಂದು ಲೋಟ ಕಡಿಮೆ. ನೆಲ ನೋಡಿದರೆ ಒಣ ಒಣ. ಒಂದು ಗ್ಯಾರೇಜಿನವರು ರೇಡಿಯೇಟರ್ ಹೋಗಿದೆ ಅಂದರು. ಹೊಸದು ಹಾಕಿಸಿದೆ. ಹದಿನೈದು ದಿನ ಬಿಟ್ಟು ನೋಡಿದರೆ ಮತ್ತೆ ಒಂದು ಲೋಟ ಕಡಿಮೆ!

ಆ ಹೊತ್ತಿಗೆ ಉಪ್ಪಿನಂಗಡಿಯ ನೆಂಟರ ಮನೆಗೆ ಹೋಗಿದ್ದೆವು. ಪಕ್ಕದ ರಸ್ತೆಯಲ್ಲೇ ವಯಸ್ಸಾದ ಒಬ್ಬ ಮೆಕ್ಯಾನಿಕ್ ಇದ್ದರು. ಸಂಜೆ ಕಾರು ಒಯ್ದು ತೋರಿಸಿದರೆ ಅವರು ಬಾನೆಟ್ ಕೂಡ ತೆಗೆಯಲಿಲ್ಲ. "ಈಗ ನೋಡಿ ಪ್ರಯೋಜನ ಇಲ್ಲ ಮಾರಾಯ್ರೆ. ನಾಳೆ ಬೆಳಿಗ್ಗೆ ನಾನೇ ಬರ್ತೇನೆ. ಅಷ್ಟರವರೆಗೆ ಸ್ಟಾರ್ಟ್ ಮಾತ್ರ ಮಾಡ್ಬೇಡಿ" ಅಂದರು. ಬೆಳಿಗ್ಗೆ ಆರೂವರೆಗೆ ಬಂದು, ಟಾರ್ಚ್ ಹಿಡಿದು ಬಗ್ಗಿ, ರೇಡಿಯೇಟರಿನ ಕೆಳಗಿನ ಹೋಸಿನ (ರಬ್ಬರ್ ಪೈಪಿನ) ಬುಡಕ್ಕೆ ಬೆರಳು ತಾಗಿಸಿ ನನಗೆ ತೋರಿಸಿದರು. ತುದಿಯಲ್ಲಿ ಒಂದು ಹಸಿರು ಹನಿ.

ಯಾವಾಗಲೋ ಯಾರೋ ಹೋಸನ್ನು ಬಿಗಿಯಾಗಿ ಹಿಡಿಯುವ ಬಳೆಯಂಥ ಸ್ಪ್ರಿಂಗ್ ಕ್ಲಾಂಪ್ ತೆಗೆದು ಸ್ಕ್ರೂ ಕ್ಲಾಂಪ್ ಹಾಕಿದ್ದರು. ರೇಡಿಯೇಟರ್ ಬದಲಿಸಿದಾಗಲೂ ಅದೇ ಕ್ಲಾಂಪ್ ವಾಪಸ್ ಕೂತಿತ್ತು. ಇಂಜಿನ್ ಬಿಸಿ ಇದ್ದಾಗ ರಬ್ಬರ್ ಹಿಗ್ಗಿ ಬಿಗಿಯಾಗಿರುತ್ತಿತ್ತು. ರಾತ್ರಿ ತಣ್ಣಗಾದಾಗ ಎಲ್ಲವೂ ಕುಗ್ಗಿ, ಸ್ಕ್ರೂ ಕ್ಲಾಂಪ್ ಮಾತ್ರ ಇದ್ದಲ್ಲೇ ಇದ್ದು, ಬೆಳಗಿನ ಜಾವ ನಾಲ್ಕು ಹನಿ ಜಿನುಗುತ್ತಿತ್ತು. ಆ ಹನಿಗಳು ಇಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಮೇಲೆ ಬಿದ್ದು ಅಲ್ಲೇ ಒಣಗುತ್ತಿದ್ದವು. ಗ್ಯಾರೇಜಿಗೆ ಕಾರು ಹೋಗುತ್ತಿದ್ದದ್ದು ಯಾವಾಗಲೂ ಓಡಿಸಿಕೊಂಡು, ಅಂದರೆ ಬಿಸಿಯಾಗಿ. ಸೋರುವ ಹೊತ್ತಿನಲ್ಲಿ ಅದನ್ನು ನೋಡಿದವರೇ ಇಲ್ಲ.

ಅಲ್ಲಿಂದ ನಾನು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಹುಡುಕುವುದೇ. ಪಾನಾ ಹಿಡಿಯುವುದು ಆಮೇಲೆ.

ಕೂಲಂಟ್ ಖರ್ಚಾಗುವ ವಸ್ತುವಲ್ಲ

"ಸ್ವಲ್ಪ ಕಡಿಮೆ ಆಗೋದು ಸಹಜ, ಹಾಕ್ತಾ ಇರಿ" ಅನ್ನುವವರು ಬಹಳ. ಪೆಟ್ರೋಲ್ ಉರಿಯುತ್ತದೆ, ಇಂಜಿನ್ ಆಯಿಲ್ ಕೂಡ ಒಂಚೂರು ಉರಿಯುತ್ತದೆ. ಕೂಲಂಟ್ ಹಾಗಲ್ಲ. ಮುಚ್ಚಿದ ದಾರಿಯಲ್ಲಿ ಸುತ್ತುತ್ತಾ ಇರುತ್ತದೆ. ವರ್ಷಕ್ಕೆ ಒಂದಿಷ್ಟು ಇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಪ್ರತಿ ತಿಂಗಳೂ ಹಾಕಬೇಕಾಗಿ ಬಂದರೆ ಎಲ್ಲೋ ತೂತು ಇದೆ ಅಂತಲೇ ಅರ್ಥ.

ಸಣ್ಣ ಕಾರಿನಲ್ಲಿ ಒಟ್ಟು ಮೂರೂವರೆಯಿಂದ ಐದು ಲೀಟರ್ ಕೂಲಂಟ್ ಇರುತ್ತದೆ. ವಾಟರ್ ಪಂಪ್ ಅದನ್ನು ಇಂಜಿನ್ ಒಳಗೆ ತಿರುಗಿಸುತ್ತದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಆದಾಗ ಥರ್ಮೋಸ್ಟಾಟ್ ಅನ್ನುವ ವಾಲ್ವ್ ಬಾಯಿ ಬಿಟ್ಟು ರೇಡಿಯೇಟರಿಗೆ ಕಳಿಸುತ್ತದೆ. ಅಲ್ಲಿ ಗಾಳಿಗೆ ಆರಿ ವಾಪಸ್ ಬರುತ್ತದೆ. ಇಷ್ಟೇ ವಿಷಯ. ಆದರೆ ಇದರ ಒಳಗೆ ಒತ್ತಡ ಇದೆ ಅನ್ನುವುದು ಮುಖ್ಯ. ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುವುದನ್ನು ನೋಡಿರಬಹುದು. ಅದು ಒತ್ತಡದ ಲೆಕ್ಕ, ಬಾರ್‌ನಲ್ಲಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಒತ್ತಡ ಹಿಡಿದುಕೊಂಡಿದ್ದರೆ ಅದೇ ನೀರು 120 ಡಿಗ್ರಿಯ ಹತ್ತಿರ ಹೋಗುವವರೆಗೂ ಕುದಿಯುವುದಿಲ್ಲ. ಕೂಲಂಟ್ ಬೆರೆತಿದ್ದರೆ ಇನ್ನೂ ಮೇಲೆ. ಥೇಟ್ ಕುಕ್ಕರ್ ಲೆಕ್ಕ.

ಕುಕ್ಕರಿನ ಎಚ್ಚರಿಕೆಯೂ ಇಲ್ಲಿ ಬೇಕು. ಬಿಸಿ ಇಂಜಿನ್ನಿನ ಮುಚ್ಚಳ ತೆಗೆದರೆ ಒಳಗಿನ ನೀರು ಒಂದೇ ಸಲ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಬಟ್ಟೆ ಹಿಡಿದು ತೆಗೆದರೂ ಸುಡುತ್ತದೆ. ಮೇಲಿನ ಹೋಸನ್ನು ಅಮುಕಿ ನೋಡಿ. ಕೈಗೆ ತಣ್ಣಗೆ, ಮೆತ್ತಗೆ ಇದ್ದರೆ ಮಾತ್ರ ಮುಚ್ಚಳಕ್ಕೆ ಕೈ ಹಾಕಿ. ಇನ್ನೊಂದು ಮಾತು: ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗುತ್ತದೆ. ಕೈ ಅಲ್ಲಿ ಇಡುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಕಾರಿನ ಕೆಳಗೆ ತೂರಬೇಕಾದರೆ ಬರೀ ಜಾಕ್ ನಂಬಬೇಡಿ, ಇಟ್ಟಿಗೆಯನ್ನಂತೂ ನಂಬಲೇಬೇಡಿ. ಸರಿಯಾದ ಸ್ಟ್ಯಾಂಡ್ ಇಲ್ಲದಿದ್ದರೆ ಆ ಭಾಗದ ಕೆಲಸ ಗ್ಯಾರೇಜಿಗೆ ಬಿಡಿ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ನೋಡಿ, ಫೋಟೋ ತೆಗೆದುಕೊಳ್ಳಿ, ಬಿಚ್ಚಬೇಡಿ.

ಕೆಳಗೆ ಬಿದ್ದದ್ದು ಕೂಲಂಟೇನಾ?

ಬೇಸಿಗೆಯಲ್ಲಿ ಗಾಬರಿಯಾಗುವವರಲ್ಲಿ ಅರ್ಧ ಜನ ನೋಡಿರುವುದು ಏಸಿ ನೀರನ್ನು. ಅದು ಡ್ಯಾಶ್‌ಬೋರ್ಡಿನ ನೇರಕ್ಕೆ ಕಾರಿನ ಅಡಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಬೆರಳಿಗೆ ಅಂಟುವುದಿಲ್ಲ. ಒಣಗಿದ ಮೇಲೆ ಗುರುತೂ ಉಳಿಯುವುದಿಲ್ಲ. ಕೂಲಂಟ್ ಬಣ್ಣ ಇರುತ್ತದೆ: ಹಸಿರು, ಕೆಂಪು, ಗುಲಾಬಿ, ನೀಲಿ. ಮುಟ್ಟಿದರೆ ಸ್ವಲ್ಪ ಜಾರುತ್ತದೆ, ವಾಸನೆ ಸಿಹಿ. ಒಣಗಿದರೆ ಉಪ್ಪು ಮೆತ್ತಿದ ಹಾಗೆ ಬಿಳಿ ಅಥವಾ ಹಸಿರು ಕಲೆ ಉಳಿಯುತ್ತದೆ. ಆಯಿಲ್ ಆದರೆ ಕಂದು ಅಥವಾ ಕಪ್ಪು, ನೀರಿನ ಮೇಲೆ ಕಾಮನಬಿಲ್ಲು ಮೂಡುತ್ತದೆ. ಬ್ರೇಕ್ ಆಯಿಲ್ ಚಕ್ರದ ಹತ್ತಿರ ಬೀಳುವುದು ಜಾಸ್ತಿ. ಅದು ಕಂಡರೆ ಕಾರು ಅಲ್ಲೇ ನಿಲ್ಲಿಸಿ.

ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ಕೆಲವು ಹಳಬರಿಗಿದೆ. ದಯವಿಟ್ಟು ಬೇಡ. ಹೆಚ್ಚಿನ ಕೂಲಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದರೂ ವಿಷ.

ಬಾಟಲಿಯ ಮೇಲೊಂದು ಗೀಟು

ಮೊದಲು ನಿಮ್ಮ ಕಾರಿನಲ್ಲಿ ಯಾವ ಬಗೆಯ ಬಾಟಲಿ ಇದೆ ನೋಡಿ. ಹಳೆಯ ಮಾರುತಿ ಕಾರುಗಳಲ್ಲಿ ಒತ್ತಡದ ಮುಚ್ಚಳ ರೇಡಿಯೇಟರಿನ ತಲೆಯ ಮೇಲೇ ಇರುತ್ತದೆ. ಪಕ್ಕದ ಬಾಟಲಿಗೆ ಸುಮ್ನೆ ಒಂದು ಪ್ಲಾಸ್ಟಿಕ್ ಮುಚ್ಚಳ. ಬಿಸಿಯಾದಾಗ ಹಿಗ್ಗಿದ ಕೂಲಂಟ್ ಬಾಟಲಿಗೆ ಹೋಗಿ, ಆರಿದಾಗ ವಾಪಸ್ ಎಳೆದುಕೊಳ್ಳುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಥರದ ಕಾರುಗಳಲ್ಲಿ ಚೆಂಡಿನಂಥ ಬಾಟಲಿಗೇ ಒತ್ತಡದ ತಿರುಗುಮುಚ್ಚಳ.

ಮೊದಲ ಬಗೆಯಲ್ಲಿ ಒಂದು ಮೋಸ ಇದೆ. ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಖಾಲಿ ಇರುತ್ತದೆ! ಮುಚ್ಚಳದ ಒಳಗಿನ ಸಣ್ಣ ವಾಲ್ವ್ ಕೆಟ್ಟರೆ ಅಥವಾ ಎಲ್ಲಿಂದಲೋ ಗಾಳಿ ಎಳೆದುಕೊಂಡರೆ ಬಾಟಲಿಯ ಕೂಲಂಟ್ ವಾಪಸ್ ಹೋಗುವುದೇ ಇಲ್ಲ. ಬಾಟಲಿ ನೋಡಿ "ಫುಲ್ ಇದೆ" ಅಂತ ನೆಮ್ಮದಿಯಾಗಿದ್ದವರ ಇಂಜಿನ್ ಕಾದು, ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿಚ್ಚುವ ಕೆಲಸಕ್ಕೆ ಬಂದದ್ದಿದೆ. ಹಾಗಾಗಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳವನ್ನೂ ತೆಗೆದು ನೋಡಿ. ಕೂಲಂಟ್ ಕುತ್ತಿಗೆಯವರೆಗೆ ಇರಬೇಕು.

ಈಗ ಮಟ್ಟ ಸರಿಮಾಡಿ, ಬಾಟಲಿಯ ಹೊರಗೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೀಟು ಎಳೆದು ತಾರೀಖು, ಕಿಲೋಮೀಟರ್ ಬರೆಯಿರಿ. ಯಾವಾಗಲೂ ಬೆಳಿಗ್ಗೆ, ಸಮತಟ್ಟು ಜಾಗದಲ್ಲಿ ನೋಡಿ. ಬಿಸಿಯಲ್ಲಿ ಮಟ್ಟ ಮೇಲಿರುತ್ತದೆ, ಲೆಕ್ಕ ತಪ್ಪುತ್ತದೆ. ವಾರದಲ್ಲಿ ಎಷ್ಟು ಇಳಿಯಿತು ಅಂತ ಗೊತ್ತಾದರೆ ನಿಮ್ಮ ಹತ್ತಿರ ಎಷ್ಟು ಸಮಯ ಇದೆ ಅಂತಲೂ ಗೊತ್ತಾಗುತ್ತದೆ.

ಹುಡುಕುವುದು

ರಾತ್ರಿ ಕಾರು ನಿಲ್ಲಿಸಿದ ಮೇಲೆ ಇಂಜಿನ್ ಕೆಳಗೆ ದೊಡ್ಡ ರಟ್ಟು ಹಾಸಿ. ಫ್ರಿಜ್ಜಿನದ್ದೋ ಟಿವಿಯದ್ದೋ ಡಬ್ಬ ಬಿಚ್ಚಿದರೆ ಸಾಕು. ರಟ್ಟಿನ ಮೇಲೆ ಎಡ ಬಲ, ಮುಂದೆ ಹಿಂದೆ ಅಂತ ಬರೆದಿಡಿ. ಬೆಳಿಗ್ಗೆ ಹನಿ ಬಿದ್ದಿದ್ದರೆ ಅದರ ನೇರಕ್ಕೆ ಮೇಲೆ ಹುಡುಕಲು ಶುರು ಮಾಡಿ. ಇಲ್ಲೂ ಪೂರ್ತಿ ನಂಬುವಂತಿಲ್ಲ. ಹನಿ ಹೋಸಿನ ಮೈಮೇಲೆ ಹರಿದು, ಬ್ರಾಕೆಟ್ಟಿನ ಮೂಲೆಗೆ ಬಂದು ಬೀಳುತ್ತದೆ. ಬಿದ್ದ ಜಾಗ ಒಂದು, ಸೋರಿದ ಜಾಗ ಇನ್ನೊಂದು. ಒದ್ದೆಯ ಜಾಡು ಹಿಡಿದು ಮೇಲಕ್ಕೆ ಹೋಗುತ್ತಾ, ಒದ್ದೆ ಎಲ್ಲಿ ಶುರುವಾಗುತ್ತದೋ ಅಲ್ಲಿ ನಿಲ್ಲಬೇಕು. ಇಂಜಿನ್ ಕೆಳಗೆ ಪ್ಲಾಸ್ಟಿಕ್ ತಟ್ಟೆ ಇರುವ ಕಾರಾದರೆ ರಟ್ಟು ಒಣಗೇ ಇರಬಹುದು. ಸುರಕ್ಷಿತವಾಗಿ ತೆಗೆಯಲು ಬಂದರೆ ತಟ್ಟೆ ಬಿಚ್ಚಿ.

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಒಂದು ಸುತ್ತು ನೋಡಿ. ಒಳ್ಳೆಯ ಟಾರ್ಚ್, ಬಿಳಿ ಟಿಶ್ಯೂ ಕಾಗದ ಸಾಕು. ಪ್ರತಿ ಹೋಸಿನ ತುದಿಯ ಕೆಳಭಾಗಕ್ಕೆ ಟಿಶ್ಯೂ ಒತ್ತಿ ತೆಗೆಯಿರಿ. ಕಣ್ಣಿಗೆ ಕಾಣದ ಜಿನುಗು ಕಾಗದದ ಮೇಲೆ ಬಣ್ಣವಾಗಿ ಕಾಣುತ್ತದೆ. ಕಾಣದ ಜಾಗಕ್ಕೆ ಮೊಬೈಲ್ ತೂರಿಸಿ ವಿಡಿಯೋ ತೆಗೆಯಿರಿ. ನಮ್ಮ ಕಾರಿನ ಸೋರಿಕೆ ಈ ಸುತ್ತಿನಲ್ಲೇ ಸಿಕ್ಕಿದ್ದು.

ಎರಡನೆಯ ಸುತ್ತು ಬಿಸಿಯಲ್ಲಿ. ಬ್ಯಾಟರಿ ವೈರ್ ಬಿಚ್ಚಿದ್ದರೆ ಹಾಕಿ, ಬಯಲಿನಲ್ಲಿ ನಿಲ್ಲಿಸಿ, ಮುಚ್ಚಳ ಹಾಕಿಯೇ ಇಂಜಿನ್ ಓಡಿಸಿ. ಫ್ಯಾನ್ ಒಂದೆರಡು ಸಲ ತಿರುಗಿ ನಿಲ್ಲಲಿ. ಒತ್ತಡ ಬಂದಾಗ ಮಾತ್ರ ಬಾಯಿ ಬಿಡುವ ಬಿರುಕುಗಳು ಆಗ ಕಾಣುತ್ತವೆ. ಸಣ್ಣ ಹಬೆ, ಸಿಹಿ ವಾಸನೆ, ಬಿಸಿ ಲೋಹದ ಮೇಲೆ ಚುಯ್ ಅನ್ನುವ ಸದ್ದು. ಕೈ ಹಾಕಬೇಡಿ, ಕಣ್ಣಿಂದ ನೋಡಿ. ಬೆಲ್ಟ್ ಮತ್ತು ಫ್ಯಾನಿನಿಂದ ಸೆರಗು, ದುಪಟ್ಟಾ, ಶರ್ಟಿನ ತೋಳು ದೂರ ಇರಲಿ.

ಎರಡರಲ್ಲೂ ಸಿಗದಿದ್ದರೆ ಪ್ರೆಶರ್ ಟೆಸ್ಟರ್. ಸೈಕಲ್ ಪಂಪಿನಂಥದ್ದು, ಮುಚ್ಚಳದ ಜಾಗಕ್ಕೆ ಕೂರಿಸಿ ಕೈಯಲ್ಲಿ ಗಾಳಿ ಒತ್ತುವುದು. ಆನ್‌ಲೈನಿನಲ್ಲಿ ಸಿಗುತ್ತದೆ, ನಿಮ್ಮ ಕಾರಿನ ಬಾಯಿಗೆ ಹೊಂದುವ ಮುಚ್ಚಳ ಅದರಲ್ಲಿರಬೇಕು. ಒಂದೇ ಕಾರು ಇರುವವರು ಕೊಳ್ಳುವುದಕ್ಕಿಂತ ಗ್ಯಾರೇಜಿನಲ್ಲಿ ಇದೊಂದು ಟೆಸ್ಟ್ ಮಾತ್ರ ಮಾಡಿಸುವುದು ಲಾಭ. ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಡಬೇಕು, ಜಾಸ್ತಿ ಕೊಟ್ಟರೆ ಸರಿ ಇದ್ದದ್ದೂ ಒಡೆಯುತ್ತದೆ. ಹತ್ತು ಹದಿನೈದು ನಿಮಿಷ ಮುಳ್ಳು ಇದ್ದಲ್ಲೇ ಇರಬೇಕು. ಇಳಿಯುತ್ತಿದ್ದರೆ, ಇಂಜಿನ್ ತಣ್ಣಗೇ ಇರುವುದರಿಂದ ನಿಧಾನವಾಗಿ ಮೂತಿ ತೂರಿಸಿ ಹುಡುಕಬಹುದು. ಈ ಉಪಾಯದಷ್ಟು ಒಳ್ಳೆಯದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಅನುಮಾನ ಯಾರ ಮೇಲೆ?

ಅಗ್ಗದ ಭಾಗದಿಂದ ಶುರು ಮಾಡಿ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದೆಯಾ, ಚಪ್ಪಟೆಯಾಗಿದೆಯಾ, ಸ್ಪ್ರಿಂಗ್ ತುಕ್ಕು ಹಿಡಿದಿದೆಯಾ ನೋಡಿ. ಕೆಟ್ಟ ಮುಚ್ಚಳ ಒತ್ತಡ ಹಿಡಿಯುವುದಿಲ್ಲ. ಕೂಲಂಟ್ ಬೇಗ ಕುದಿದು ಬಾಟಲಿಗೆ ನುಗ್ಗಿ, ಅಲ್ಲಿಂದ ಹೊರಗೆ ಚೆಲ್ಲುತ್ತದೆ. ಹೊಸದು ತರುವಾಗ ಅದೇ ನಂಬರಿನದು ತನ್ನಿ. 0.9 ಇದ್ದಲ್ಲಿ 1.1 ಹಾಕಿದರೆ ಹಳೆಯ ಹೋಸುಗಳ ಮೇಲೆ ಭಾರ ಬೀಳುತ್ತದೆ.

ಹೋಸ್ ತಣ್ಣಗಿದ್ದಾಗ ಹಿಸುಕಿ ನೋಡಿ. ಕರಕರ ಅಂದರೆ, ತುದಿಯಲ್ಲಿ ಊದಿದ್ದರೆ, ಒಂದು ಕಡೆ ತೀರಾ ಮೆತ್ತಗೆ ಇನ್ನೊಂದು ಕಡೆ ಗಟ್ಟಿ ಇದ್ದರೆ ಅದರ ಆಯಸ್ಸು ಮುಗಿದಿದೆ.

ರೇಡಿಯೇಟರಿನಲ್ಲಿ ಹೆಚ್ಚಾಗಿ ಸೋರುವುದು ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಸೇರುವ ಅಂಚು. ಅಲ್ಲಿ ಬಿಳಿ ಕಲೆಯ ಸಾಲು ಕಂಡರೆ ಅದೇ. ಅಂಬಾಸಿಡರ್ ಕಾಲದಲ್ಲಿ ತಾಮ್ರ, ಹಿತ್ತಾಳೆಯ ರೇಡಿಯೇಟರಿಗೆ ಬೆಸುಗೆ ಹಾಕಿ ಮತ್ತೆ ಐದು ವರ್ಷ ಓಡಿಸುತ್ತಿದ್ದರು. ಈಗಿನದಕ್ಕೆ ಆ ವಿದ್ಯೆ ನಡೆಯುವುದಿಲ್ಲ. ಪ್ಲಾಸ್ಟಿಕ್ ಬಿರುಕಿಗೆ ಎಪಾಕ್ಸಿ ಮೆತ್ತಿದರೆ ಎರಡು ವಾರ ತಡೆದೀತು, ಬಿಸಿಗೂ ಒತ್ತಡಕ್ಕೂ ಮತ್ತೆ ಎದ್ದು ಬರುತ್ತದೆ. ಬದಲಿಸುವುದೇ ದಾರಿ. ವಾಹನದ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆ ಬೆಂಗಳೂರಿನವರಿಗೆ ಗೊತ್ತೇ ಇದೆ. ಹಳೆಯ ಭಾಗವನ್ನೋ ಅದರ ಫೋಟೋವನ್ನೋ, ಕಾರಿನ ಮಾಡೆಲ್ ವರ್ಷವನ್ನೋ ಇಟ್ಟುಕೊಂಡು ಹೋಗಿ.

ವಾಟರ್ ಪಂಪಿನ ಹೊಟ್ಟೆಯಲ್ಲಿ ಬೇಕೆಂದೇ ಬಿಟ್ಟ ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ಅಲ್ಲಿಂದ ಕೂಲಂಟ್ ಇಳಿದು ಕಲೆ ಕಟ್ಟುತ್ತದೆ. ಆ ತೂತನ್ನು ಮುಚ್ಚುವ ಬುದ್ಧಿವಂತಿಕೆ ಬೇಡ, ಪಂಪ್ ಬದಲಿಸಿ. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪ್ ಆದರೆ ಮನೆಯಲ್ಲಿ ಮುಟ್ಟಬೇಡಿ. ಬೆಲ್ಟ್ ಒಂದು ಹಲ್ಲು ತಪ್ಪಿದರೆ ಇಂಜಿನ್ನಿಗೇ ಪೆಟ್ಟು. ಥರ್ಮೋಸ್ಟಾಟ್ ಇರುವ ಪ್ಲಾಸ್ಟಿಕ್ ಗೂಡಿನ ಅಂಚು, ರೇಡಿಯೇಟರ್ ಕೆಳಗಿನ ಡ್ರೈನ್ ಪ್ಲಗ್, ಬಾಟಲಿಯ ಬೆಸುಗೆ ಗೆರೆ, ಇವನ್ನೂ ಒಮ್ಮೆ ನೋಡಿಬಿಡಿ.

ಹೀಟರ್ ಕೋರ್, ಅಂದರೆ ಹೀಟರಿಗೆ ಬಿಸಿ ಕೊಡುವ ಪುಟ್ಟ ರೇಡಿಯೇಟರ್, ಇರುವುದು ಡ್ಯಾಶ್‌ಬೋರ್ಡ್ ಒಳಗೆ. "ನಾನು ಹೀಟರ್ ಹಾಕೋದೇ ಇಲ್ಲ" ಅಂದರೂ ಎಷ್ಟೋ ಕಾರುಗಳಲ್ಲಿ ಬಿಸಿ ಕೂಲಂಟ್ ಅದರೊಳಗೆ ಸುತ್ತುತ್ತಲೇ ಇರುತ್ತದೆ. ಅದು ಸೋರಿದರೆ ಕಾರಿನ ಒಳಗೆ ಸಿಹಿ ವಾಸನೆ, ಮುಂದಿನ ಗಾಜಿಗೆ ಒರೆಸಿದರೂ ಹೋಗದ ಜಿಡ್ಡು ಮಂಜು, ಕಾಲಡಿಯ ಮ್ಯಾಟ್ ಒದ್ದೆ. ಏಸಿ ನೀರಿನ ಪೈಪ್ ಕಟ್ಟಿಕೊಂಡರೂ ಮ್ಯಾಟ್ ಒದ್ದೆಯಾಗುತ್ತದೆ. ಅಂಟಾಗಿದ್ದರೆ ಕೂಲಂಟ್, ಬರೀ ನೀರಾದರೆ ಏಸಿ.

ಹೊರಗೆ ಎಲ್ಲೂ ಇಲ್ಲ, ಆದರೂ ಇಳಿಯುತ್ತಿದೆ

ಆಗ ಭಯ ಪಡಬೇಕು. ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಇಂಜಿನ್ನಿಗೂ ನಡುವಿನ ಸೀಲ್) ಹೋಗಿದ್ದರೆ ಕೂಲಂಟ್ ಸಿಲಿಂಡರಿಗೆ ನುಗ್ಗಿ ಹಬೆಯಾಗಿ ಸೈಲೆನ್ಸರಿನಿಂದ ಹೋಗುತ್ತದೆ. ಚಳಿಯ ಬೆಳಿಗ್ಗೆ ಒಂದೆರಡು ನಿಮಿಷ ಬಿಳಿ ಹೊಗೆ ಬರುವುದು ಎಲ್ಲ ಕಾರಿಗೂ ಇದ್ದದ್ದೇ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ ಇದ್ದರೆ ಅನುಮಾನ ಪಡಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಒಂದು ನಿಮಿಷದೊಳಗೆ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಬಾಟಲಿಯಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಓಡಿಸುವುದನ್ನು ನಿಲ್ಲಿಸಿ. ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟ ಇರುವ ಕಾರಿನಲ್ಲಿ ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ನೊರೆ ಕಟ್ಟುವುದುಂಟು. ಅದೊಂದನ್ನೇ ನೋಡಿ ಹೆಡ್ ಬಿಚ್ಚಿಸಬೇಡಿ. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಕೊಳವೆ ಇಟ್ಟು ಮಾಡುವ ಪರೀಕ್ಷೆ ಇದೆ. ಪೆಟ್ರೋಲ್ ಇಂಜಿನ್ನಿನ ಹೊಗೆ ಕೂಲಂಟಿಗೆ ಸೇರುತ್ತಿದ್ದರೆ ನೀಲಿ ಹಳದಿಯಾಗುತ್ತದೆ. ಹೆಡ್ ಬಿಚ್ಚುವ ಮೊದಲು ಅದನ್ನು ಮಾಡಿಸಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಡೀಸೆಲ್ ಕಾರುಗಳಲ್ಲಿ ಇ.ಜಿ.ಆರ್. ಕೂಲರ್ (ಇಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ತಂಪು ಮಾಡುವ ಭಾಗ) ಒಳಗೆ ಬಿರುಕು ಬಿಟ್ಟರೂ ಕೂಲಂಟ್ ಹೀಗೇ ಕಾಣೆಯಾಗುತ್ತದೆ.

ಘಾಟಿಯಲ್ಲಿ ಸಿಕ್ಕಿಹಾಕಿಕೊಂಡರೆ

ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಹತ್ತುತ್ತಿದ್ದೀರಿ, ಮುಂದೆ ಲೋಡ್ ಲಾರಿ, ಎರಡನೇ ಗೇರ್, ಒಳಗೆ ಐದು ಜನ, ಏಸಿ ಬೇರೆ. ಸಣ್ಣ ಸೋರಿಕೆ ಬಣ್ಣ ತೋರಿಸುವುದು ಇಲ್ಲೇ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿದರೆ ಏಸಿ ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಬಿಡಿ. ಒಳಗೆ ಕೂತವರು ಬೈಯಲಿ, ಇಂಜಿನ್ನಿನ ಬಿಸಿ ಒಂದಿಷ್ಟು ಆ ದಾರಿಯಲ್ಲಿ ಹೊರಗೆ ಹೋಗುತ್ತದೆ. ತಿರುವು ಇಲ್ಲದ, ಅಗಲ ಇರುವ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ. ಕೆಂಪು ದೀಪ ಬಂದರೆ ಅಥವಾ ಹಬೆ ಕಂಡರೆ ತಡ ಮಾಡದೆ ಇಂಜಿನ್ ಆರಿಸಿ. ನಾಲ್ಕೂ ಇಂಡಿಕೇಟರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ಹಿಂದೆ ತ್ರಿಕೋನ ಇಡಿ.

ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ಬರೀ ಕೆಂಪು ದೀಪ. ಇನ್ನೊಂದು ಅಪಾಯ: ಕೂಲಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಗಾಳಿಯಲ್ಲಿ ನಿಂತು ಕಡಿಮೆ ಬಿಸಿ ತೋರಿಸಬಹುದು. ಮುಳ್ಳು ಮೇಲೆ ಹೋಗಿದ್ದು ತಾನಾಗಿಯೇ ದಿಢೀರ್ ಕೆಳಗೆ ಬಿದ್ದರೆ ಸರಿಹೋಯಿತು ಅಂದುಕೊಂಡು ಎಕ್ಸಲರೇಟರ್ ಒತ್ತಬೇಡಿ.

ಕಡಿಮೆ ಅಂದರೆ ಮುಕ್ಕಾಲು ಗಂಟೆ ಕಾಯಿರಿ. ಇಂಜಿನ್ ಮೇಲೆ ನೀರು ಸುರಿಯಬೇಡಿ, ಬಿಸಿ ಅಲ್ಯೂಮಿನಿಯಂ ಸೊಟ್ಟಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ತಣ್ಣಗಾದ ಮೇಲೆ ಮುಚ್ಚಳ ತೆಗೆದು, ಕುಡಿಯಲು ತಂದ ನೀರನ್ನೇ ನಿಧಾನವಾಗಿ ಒಳಗೆ ತುಂಬಿಸಿ. ಹೋಸ್ ಸೀಳಿದ್ದರೆ ಒರೆಸಿ ಒಣಗಿಸಿ, ತನಗೆ ತಾನೇ ಅಂಟುವ ಸಿಲಿಕೋನ್ ಟೇಪನ್ನು ಎಳೆದೆಳೆದು ಐದಾರು ಸುತ್ತು ಸುತ್ತಿ. ಈ ಟೇಪ್ ಒಂದು ಸುರುಳಿ ಡಿಕ್ಕಿಯಲ್ಲಿ ಇರಲಿ. ಹತ್ತಿರದ ಊರು ತಲುಪುವುದಕ್ಕೆ ಮಾತ್ರ ಇದು. ನೀರು ಹಾಕಿದಷ್ಟೂ ಸೋರುತ್ತಿದ್ದರೆ ಟೋಯಿಂಗ್ ಗಾಡಿಗೆ ಫೋನ್ ಮಾಡಿ. ಆ ಬಾಡಿಗೆ ಹೆಡ್ ಕೆಲಸಕ್ಕಿಂತ ಎಷ್ಟೋ ಕಡಿಮೆ.

ಲಾರಿ ಡ್ರೈವರುಗಳ ಹಳೆಯ ಉಪಾಯ ಒಂದಿದೆ: ರೇಡಿಯೇಟರಿಗೆ ಅರಿಶಿನ ಪುಡಿ. ಸೂಜಿ ತೂತಿನಷ್ಟು ಸೋರಿಕೆ ಅದರಿಂದ ನಿಲ್ಲುವುದು ನಿಜ. ಆದರೆ ಅರಿಶಿನಕ್ಕೆ ತೂತು ಯಾವುದು, ದಾರಿ ಯಾವುದು ಅಂತ ಗೊತ್ತಾಗುವುದಿಲ್ಲ ಅಲ್ವಾ? ಈಗಿನ ರೇಡಿಯೇಟರ್, ಹೀಟರ್ ಕೋರುಗಳ ಸಪೂರ ಕೊಳವೆಯಲ್ಲೂ ಹೋಗಿ ಕೂರುತ್ತದೆ. ಅಂಗಡಿಯಲ್ಲಿ ಸಿಗುವ ಸ್ಟಾಪ್ ಲೀಕ್ ಡಬ್ಬಿಗೂ ನನ್ನ ಮಾತು ಇದೇ. ನಡುರಾತ್ರಿ, ನಡುಕಾಡಾದರೆ ಸರಿ. ಮನೆಯ ಅಂಗಳದಲ್ಲಿ ಬೇಡ.

ಹೋಸ್, ಕ್ಲಾಂಪ್ ಬದಲಿಸುವುದು

ಮನೆಯಲ್ಲಿ ಧೈರ್ಯವಾಗಿ ಮಾಡಬಹುದಾದ ಕೆಲಸ ಇದು. ಬೇಕಾದದ್ದು: ಹೊಸ ಹೋಸ್, ಕ್ಲಾಂಪ್, ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್, ಅಗಲ ಟಬ್, ಹಳೆ ಬನಿಯನ್ ಬಟ್ಟೆ, ಫನೆಲ್, ಕೂಲಂಟ್. ಒಂದು ಭಾನುವಾರ ಬೆಳಿಗ್ಗೆ ಸಾಕು.

ಇಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ರೇಡಿಯೇಟರ್ ಕೆಳಗೆ ಟಬ್ ಇಟ್ಟು, ಮುಚ್ಚಳ ತೆಗೆದು, ಡ್ರೈನ್ ಪ್ಲಗ್ ಸಡಿಲಿಸಿ ಕೂಲಂಟ್ ಇಳಿಸಿ. ಪ್ಲಗ್ ಪ್ಲಾಸ್ಟಿಕ್ಕಿನದು, ಜೋರು ಮಾಡಿದರೆ ಮುರಿಯುತ್ತದೆ. ಮೇಲಿನ ಹೋಸ್ ಮಾತ್ರ ಬದಲಿಸುವುದಾದರೆ ಅದರ ಮಟ್ಟಕ್ಕಿಂತ ಕೆಳಗೆ ಇಳಿದರೆ ಸಾಕು. ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ಕ್ಲಾಂಪಿನ ಕಿವಿ ಯಾವ ಕಡೆ ಇತ್ತು ಅನ್ನುವುದೂ ಕಾಣಬೇಕು.

ಸ್ಪ್ರಿಂಗ್ ಕ್ಲಾಂಪಿನ ಎರಡು ಕಿವಿ ಪ್ಲೇಯರಿನಲ್ಲಿ ಒತ್ತಿ ಹಿಂದಕ್ಕೆ ಸರಿಸಿ. ಹೋಸ್ ಹಿಡಿದು ಎಳೆಯಬೇಡಿ, ಮೊದಲು ತಿರುಚಿ. ಬರದಿದ್ದರೆ ಬ್ಲೇಡಿನಲ್ಲಿ ಹೋಸನ್ನೇ ಉದ್ದಕ್ಕೆ ಸೀಳಿ, ಹೇಗೂ ಎಸೆಯುವಂಥದ್ದು. ಬ್ಲೇಡ್ ಪೂರ್ತಿ ಒಳಗೆ ಇಳಿದು ಕುತ್ತಿಗೆಗೆ ಗೀರು ಬೀಳಬಾರದು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ರೇಡಿಯೇಟರಿನ ಪ್ಲಾಸ್ಟಿಕ್ ಕುತ್ತಿಗೆ ಮುರಿದು, ನೂರಾರು ರೂಪಾಯಿಯ ಕೆಲಸ ಸಾವಿರಾರು ಆಗುತ್ತದೆ. ಕುತ್ತಿಗೆಯ ಮೇಲಿನ ಬಿಳಿ ಪುಡಿಯನ್ನು ಬಟ್ಟೆಯಲ್ಲಿ ಉಜ್ಜಿ ತೆಗೆಯಿರಿ. ಹೊಸ ಹೋಸ್ ಹಾಕಿಯೂ ಸೋರುವುದಕ್ಕೆ ಆ ಪುಡಿಯೇ ಎಷ್ಟೋ ಸಲ ಕಾರಣ. ಜಾರಲು ಒಂದಿಷ್ಟು ಕೂಲಂಟ್ ಸವರಿ, ಗ್ರೀಸ್ ಬೇಡ. ಹೋಸ್ ಪೂರ್ತಿ ಒಳಗೆ ಹೋದ ಮೇಲೆ ಕ್ಲಾಂಪ್ ಕುತ್ತಿಗೆಯ ಉಬ್ಬಿನ ಹಿಂದೆ ಕೂರಬೇಕು. ಉಬ್ಬಿನ ಮೇಲೆ ಕೂತರೆ ಜಾರುತ್ತದೆ.

ಸ್ಪ್ರಿಂಗ್ ಕ್ಲಾಂಪ್ ಇದ್ದಲ್ಲಿ ಸ್ಪ್ರಿಂಗ್ ಕ್ಲಾಂಪನ್ನೇ ಹಾಕಿ. ಅದು ಬಿಸಿಗೆ ಹಿಗ್ಗಿ, ತಂಪಿಗೆ ಕುಗ್ಗಿ ಹೋಸನ್ನು ಹಿಡಿದೇ ಇರುತ್ತದೆ. ಅಂಗಡಿಯವರು ಸ್ಕ್ರೂ ಕ್ಲಾಂಪ್ ಕೈಗಿಟ್ಟು "ಇದೇ ಗಟ್ಟಿ ಸರ್" ಅನ್ನುತ್ತಾರೆ. ನನ್ನ ಮೂರು ತಿಂಗಳು ಹೋದದ್ದು ಅದೇ ಗಟ್ಟಿ ಕ್ಲಾಂಪಿನಿಂದ.

ತುಂಬಿಸಿ, ಗಾಳಿ ತೆಗೆಯಿರಿ

ಕೂಲಂಟ್ ಬಣ್ಣ ನೋಡಿ ಕೊಳ್ಳಬೇಡಿ. ಎರಡು ಕಂಪನಿಯ ಹಸಿರು ಒಂದೇ ಜಾತಿ ಆಗಬೇಕೆಂದೇನಿಲ್ಲ. ಹೊಂದದ ಜಾತಿ ಬೆರೆತರೆ ಒಳಗೆ ಲೋಳೆ ಕಟ್ಟಬಹುದು. ಕಾರಿನ ಕೈಪಿಡಿಯಲ್ಲಿ ಹೇಳಿದ್ದನ್ನೇ ತನ್ನಿ. ಡಬ್ಬದ ಮೇಲೆ ಹಾಗೇ ಹಾಕಬಹುದಾದದ್ದೋ, ನೀರು ಬೆರೆಸಬೇಕಾದದ್ದೋ ಓದಿ. ಬೆರೆಸುವುದಾದರೆ ಸಾಮಾನ್ಯವಾಗಿ ಅರ್ಧಕ್ಕರ್ಧ. ನೀರು ಡಿಸ್ಟಿಲ್ಡ್ ಆಗಿರಲಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಬೋರ್‌ವೆಲ್ ನೀರು ಸೋಲಾರ್ ಪೈಪಿನಲ್ಲಿ, ಬಕೆಟ್ಟಿನ ಅಂಚಿನಲ್ಲಿ ಕಟ್ಟುವ ಬಿಳಿ ಪದರ ನೋಡಿದ್ದೀರಲ್ಲ, ರೇಡಿಯೇಟರ್ ಒಳಗೂ ಅದನ್ನೇ ಕಟ್ಟುತ್ತದೆ. ಬರೀ ನೀರು ಹಾಕಿದರೆ ತುಕ್ಕು ತಡೆಯುವ ಮದ್ದು ಇರುವುದಿಲ್ಲ. ನಮ್ಮಲ್ಲಿ ಹಿಮ ಬೀಳದಿದ್ದರೂ ಕೂಲಂಟ್ ಬೇಕಾಗುವುದು ಇದಕ್ಕೆ.

ಡ್ರೈನ್ ಪ್ಲಗ್ ಮುಚ್ಚಿ, ಬ್ಯಾಟರಿ ಹಾಕಿ, ಕಾರಿನ ಮೂತಿ ಸ್ವಲ್ಪ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಯಿರಿ. ಗಾಳಿ ತೆಗೆಯುವ ಸ್ಕ್ರೂ ಇರುವ ಕಾರಾದರೆ ಅದನ್ನು ಸಡಿಲಿಸಿ, ಗುಳ್ಳೆ ನಿಂತು ಕೂಲಂಟ್ ಬಂದ ಮೇಲೆ ಬಿಗಿ ಮಾಡಿ. ಕೂಲಂಟನ್ನು ನಿಧಾನವಾಗಿ ಸುರಿಯಿರಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಮುಚ್ಚಳ ತೆಗೆದೇ ಇಟ್ಟು ಇಂಜಿನ್ ಸುಮ್ನೆ ಓಡಲು ಬಿಡಿ. ಆಕ್ಸಲರೇಟರ್ ಬೇಡ. ಗುಳುಗುಳು ಅಂತ ಗುಳ್ಳೆ ಬಂದು ಮಟ್ಟ ಇಳಿಯುತ್ತದೆ, ಇಳಿದಂತೆ ತುಂಬಿಸಿ. ಮುಖ ದೂರ ಇರಲಿ, ಬಿಸಿ ಏರಿದಂತೆ ಉಕ್ಕಬಹುದು. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ತಿರುಗುವವರೆಗೆ ಕಾಯಿರಿ. ಒಳಗೆ ಹೀಟರಿನಿಂದ ಬಿಸಿ ಗಾಳಿ ಬಂತಾ? ತಣ್ಣಗೇ ಬರುತ್ತಿದ್ದರೆ ಏರ್ ಲಾಕ್, ಅಂದರೆ ಒಳಗೆ ಸಿಕ್ಕಿಕೊಂಡ ಗಾಳಿ, ಉಳಿದಿದೆ. ಇಂಜಿನ್ ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆ ತುಂಬಿಸಿ, ಮತ್ತೆ ಅದೇ ಕೆಲಸ ಮಾಡಿ.

ಮರುದಿನ ಬೆಳಿಗ್ಗೆ ಮಟ್ಟ ಒಂದಿಷ್ಟು ಇಳಿದಿರುತ್ತದೆ, ಉಳಿದ ಗಾಳಿ ಹೊರಬಂದದ್ದಷ್ಟೇ. ಹಳೆಯ ಗೀಟಿನವರೆಗೆ ತುಂಬಿಸಿ, ಹೊಸ ತಾರೀಖು ಬರೆಯಿರಿ. ಒಂದು ವಾರ ದಿನಾ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಹೋಸಿನ ಬುಡಕ್ಕೆ ಟಿಶ್ಯೂ ಒತ್ತಿ ನೋಡಿ.

ಟಬ್ಬಿನಲ್ಲಿ ಉಳಿದ ಹಳೆ ಕೂಲಂಟನ್ನು ಚರಂಡಿಗೋ ತೋಟಕ್ಕೋ ಚೆಲ್ಲಬೇಡಿ. ಸಿಹಿ ಇರುವುದರಿಂದ ಬೀದಿ ನಾಯಿಗಳು ನೆಕ್ಕುತ್ತವೆ, ಬೆಕ್ಕುಗಳೂ ನೆಕ್ಕುವುದುಂಟು, ಸ್ವಲ್ಪವೇ ಸಾಕು ಸಾಯಲು. ನೆಲಕ್ಕೆ ಬಿದ್ದದ್ದನ್ನು ಮರಳೋ ಮರದ ಹೊಟ್ಟೋ ಹಾಕಿ ಹೀರಿಸಿ, ಆಮೇಲೆ ನೀರು ಬಿಟ್ಟು ತೊಳೆಯಿರಿ. ಉಳಿದದ್ದನ್ನು ಹಳೆ ಆಯಿಲ್ ಡಬ್ಬಕ್ಕೆ ತುಂಬಿ, ಮೇಲೆ "ವಿಷ" ಅಂತ ದೊಡ್ಡದಾಗಿ ಬರೆದು, ಹಳೆ ಆಯಿಲ್, ಕೂಲಂಟ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ತಂಪು ಪಾನೀಯದ ಬಾಟಲಿಗೆ ಮಾತ್ರ ಹಾಕಿಡಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.